ಇಂಡಿಕೊ: ಕಡಿಮೆ ದುಡ್ಡಿನ ಸಮ್ಮೇಳನಕ್ಕೆ ಸಾಕಾದೀತೇ?

ಟಿಕೆಟ್ ತಾಣಗಳು ಸಾಮಾನ್ಯವಾಗಿ ಹಣ ಕಟ್ಟಿದ ನೋಂದಣಿಗೆಲ್ಲ ಕಮಿಷನ್ ಮುರಿದುಕೊಳ್ಳುತ್ತವೆ. ಇಂಡಿಕೊದಲ್ಲಿ ಆ ಕಾಟವಿಲ್ಲ. ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯ ತನ್ನ ಸಭೆ, ಸಮ್ಮೇಳನಗಳಿಗೆ ಬೆಳೆಸಿದ ಓಪನ್ ಸೋರ್ಸ್ ತಂತ್ರಾಂಶ ಇದು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ನನಗೆ ತುಂಬ ಹಿಡಿಸಿದ್ದು ನೋಂದಣಿ ಫಾರಂ. ಪ್ರಶ್ನೆಗಳನ್ನು ನಾವೇ ಸೇರಿಸಬಹುದು. ನಮ್ಮ ಸಮ್ಮೇಳನದ ಫಾರಂನಲ್ಲಿ ಹೆಸರು, ಇಮೇಲ್ ಕೆಳಗೆ ‘ಇಲ್ಲಿ ಯಾರ ಜೊತೆ, ಯಾವ ವಿಷಯ ಮಾತಾಡಬೇಕು ಅಂತಿದ್ದೀರಿ?’ ಎಂದು ಒಂದು ಖಾನೆ ಹಾಕಿದೆ. ಬಂದ ಉತ್ತರ ನೋಡಿ ಊಟದ ನಂತರದ ಒಂದು ಭಾಷಣವನ್ನೇ ಕೈಬಿಟ್ಟು, ಒಂದೇ ಸಮಸ್ಯೆಯವರನ್ನು ಒಂದೇ ಮೇಜಿಗೆ ಕೂರಿಸಿದೆವು. ಸಾಮಾನ್ಯವಾಗಿ ಜನ ಜಾರಿಕೊಳ್ಳುವ ಹೊತ್ತು ಅದು. ಅವತ್ತು ಮೇಜಿನಿಂದ ಎಬ್ಬಿಸುವುದೇ ಕಷ್ಟವಾಯಿತು. ದೊಡ್ಡ ಹೆಸರಿನ ಭಾಷಣಕಾರರ ವಿಮಾನ ಟಿಕೆಟ್‌ಗೆ ಸುರಿಯುವ ದುಡ್ಡಿಗಿಂತ ಈ ಒಂದು ಖಾನೆ ಮೇಲು. (ದೊಡ್ಡವರು ಹೇಗೂ ಭಾಷಣ ಮುಗಿಸಿ ಹೊರಟುಬಿಡುತ್ತಾರೆ.)

ಪ್ರಬಂಧಗಳ ಆಯ್ಕೆ, ವೇಳಾಪಟ್ಟಿ, ಬ್ಯಾಡ್ಜ್, ಕೊನೆಗೆ ಸಮೀಕ್ಷೆ, ಎಲ್ಲ ಒಂದೇ ಕಡೆ ಇವೆ. ನೋಂದಾಯಿಸಿದವರಿಗೆ ಅಲ್ಲಿಂದಲೇ ಇಮೇಲ್ ಕಳಿಸಬಹುದು. ಪುಕ್ಕಟೆ ನೋಂದಣಿಯವರಲ್ಲಿ ಹಲವರು ಬರದೇ ಉಳಿಯುತ್ತಾರೆ, ಹಾಗಾಗಿ ಹಿಂದಿನ ವಾರ ‘ಬರುತ್ತೀರಾ?’ ಎಂದು ಕೇಳಿ, ಆಮೇಲೆ ಊಟದ ಲೆಕ್ಕ ಕೊಡಿ.

ಕೊರತೆ ಇಲ್ಲದಿಲ್ಲ. ಸ್ವಂತ ಸರ್ವರ್ ಬೇಕು, ಜೊತೆಗೆ ಲಿನಕ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಲ್ಲವರೊಬ್ಬರು ಬೇಕೇಬೇಕು. ಹಲವು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳು ಈಗಾಗಲೇ ಇದನ್ನು ನಡೆಸುತ್ತಿವೆ. ಪರಿಚಯವಿದ್ದರೆ ಅವರ ಸರ್ವರ್‌ನಲ್ಲೇ ನಿಮ್ಮ ಸಮ್ಮೇಳನಕ್ಕೂ ಜಾಗ ಸಿಗುತ್ತದೆಯೇ ಎಂದು ಮೊದಲು ಅಲ್ಲಿ ಕೇಳಿ. ನೋಟವಂತೂ ಸರ್ಕಾರಿ ಅರ್ಜಿಯಷ್ಟೇ ಸಪ್ಪೆ.