ಕಿಸೆಯ ಸೋನಿಯೋ, ಹಳೆಯ ನಿಕಾನೋ?

ರಾತ್ರಿ ಯಕ್ಷಗಾನ ಬಯಲಾಟದ ಮುಂದೆ ಕೂತು ಚಿತ್ರ ತೆಗೆಯುವ ಆಸೆಯಿರುವವರು ಹಳೆಯ ಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿಯಿರುವ ದೊಡ್ಡ ಕ್ಯಾಮೆರಾ, ಕೊಳ್ಳಲಿ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ದೊಡ್ಡದು, ಲೆನ್ಸ್ ಬದಲಿಸಬಹುದು ಎಂದು ಅದರ ಪರವಾಗಿ ಎಲ್ಲರೂ ಕೊಡುವ ಕಾರಣಗಳು ನಿಜ, ಅವುಗಳಿಗೂ ಬರುತ್ತೇನೆ. ಆದರೆ ನನ್ನನ್ನು ಕೊನೆಗೆ ಗೆದ್ದದ್ದು ಕ್ಯಾಮೆರಾದ ಬೆನ್ನಿನ ಮೇಲ್ಭಾಗದಲ್ಲಿರುವ, ಕಣ್ಣಿಟ್ಟು ನೋಡುವ ಆ ಪುಟ್ಟ ಕಿಂಡಿ.

ಈ ಬರಹಕ್ಕೆ ಕಾರಣ ಅಣ್ಣನ ಮಗಳು. ಮಂಗಳೂರಿನಲ್ಲಿ ಓದುತ್ತಿದ್ದಾಳೆ. "ಅತ್ತೆ, ಒಬ್ಬರಲ್ಲಿ ಸೋನಿ ಆರ್‌ಎಕ್ಸ್100 ಇದೆ, ಇನ್ನೊಬ್ಬರಲ್ಲಿ ನಿಕಾನ್ ಡಿ90 ಇದೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಬೆಲೆ ಹೇಳುತ್ತಿದ್ದಾರೆ. ಯಾವುದನ್ನು ತೆಗೆದುಕೊಳ್ಳಲಿ?" ಎಂದು ಕೇಳಿದಳು. ನನ್ನ ಬಳಿ ಎರಡೂ ಇವೆ; ಎರಡನ್ನೂ ಬಳಸಿದವರಿಂದಲೇ ಕೊಂಡಿದ್ದೇನೆ. ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದ ಮೇಲೆ ನಮ್ಮ ಸೀಮೆಯ ಆಟ, ತಾಳಮದ್ದಳೆಯ ಕೂಟ, ನೀರಿನ ಸುರಂಗ, ಪಾರೆ ಎಂಬ ಕಲ್ಲುಬಯಲಿನ ಹೂವುಗಳ ಚಿತ್ರ ತೆಗೆಯುವುದೇ ನನ್ನ ಕೆಲಸವಾಗಿದೆ. ಆದ್ದರಿಂದ ನಾನು ಹೇಳುವುದೆಲ್ಲ ಕಾಸರಗೋಡಿನ ಬೆಳಕು, ಕತ್ತಲೆ ಮತ್ತು ಮಳೆಗೆ ಸಂಬಂಧಿಸಿದ್ದು. ಹಿಮಾಲಯಕ್ಕೆ ಚಾರಣ ಹೋಗುವವರ ಲೆಕ್ಕ ಬೇರೆ ಇರಬಹುದು.

ಎರಡು ಯಂತ್ರಗಳ ಪರಿಚಯ ಮೊದಲು ಆಗಲಿ. ನಿಕಾನ್ ಡಿ90 ಬಂದದ್ದು 2008ರಲ್ಲಿ. 12.3 ಮೆಗಾಪಿಕ್ಸೆಲ್, 23.6 ಮಿಲಿಮೀಟರ್ ಅಗಲ, 15.8 ಮಿಲಿಮೀಟರ್ ಎತ್ತರದ ಸೆನ್ಸರ್. ಬ್ಯಾಟರಿ ಮತ್ತು ಕಾರ್ಡ್ ಸೇರಿ ಸುಮಾರು 700 ಗ್ರಾಂ, ಅದರ ಮೇಲೆ ಲೆನ್ಸಿನ ಭಾರ. ಸೋನಿ ಆರ್‌ಎಕ್ಸ್100 ಬಂದದ್ದು 2012ರಲ್ಲಿ. 20 ಮೆಗಾಪಿಕ್ಸೆಲ್, 13.2 ಮತ್ತು 8.8 ಮಿಲಿಮೀಟರಿನ ಸೆನ್ಸರ್, ಬ್ಯಾಟರಿ ಕಾರ್ಡ್ ಎಲ್ಲ ಸೇರಿ 240 ಗ್ರಾಂ. ಕಿಸೆಯಲ್ಲಿ ಹಿಡಿಯುವ ಕ್ಯಾಮೆರಾಕ್ಕೆ ಇಷ್ಟು ದೊಡ್ಡ ಸೆನ್ಸರ್ ಕೊಟ್ಟದ್ದು ಆಗ ಸಣ್ಣ ಸಂಗತಿಯಾಗಿರಲಿಲ್ಲ. ಹಾಗಿದ್ದರೂ ಡಿ90ರ ಸೆನ್ಸರಿನ ವಿಸ್ತೀರ್ಣ ಅದರ ಮೂರು ಪಟ್ಟಿಗಿಂತ ಹೆಚ್ಚು. ಮೆಗಾಪಿಕ್ಸೆಲ್ ಎಣಿಸುವವರು ಸೋನಿಯತ್ತ ವಾಲುತ್ತಾರೆ. ಶಾಲೆಯ ವಾರ್ಷಿಕ ಸಂಚಿಕೆಯ ಪೂರ್ಣ ಪುಟಕ್ಕೆ, ಗೋಡೆಗೆ ತೂಗಿಸುವ ಹದವಾದ ಚಿತ್ರಕ್ಕೆ 12 ಮೆಗಾಪಿಕ್ಸೆಲ್ ಧಾರಾಳ ಸಾಕು.

ಈಗ ರಂಗಸ್ಥಳದ ಮುಂದೆ ಬನ್ನಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ತೆಂಕುತಿಟ್ಟಿನ, ಅಂದರೆ ದಕ್ಷಿಣ ಶೈಲಿಯ, ಆಟಕ್ಕೆ ಕೊರತೆಯಿಲ್ಲ. ಮೇಳಗಳು ಹೊರಟ ಮೇಲೆ, ತಿರುಗಾಟ ಮುಗಿಯುವ ಪತ್ತನಾಜೆಯವರೆಗೂ ಅಲ್ಲೊಂದು ಇಲ್ಲೊಂದು ಬಯಲಾಟ ಇದ್ದೇ ಇರುತ್ತದೆ. ಪುಂಡುವೇಷ (ತರುಣ ವೀರನ ಪಾತ್ರ) ಧಿಗಿಣ ಹೊಡೆಯುವಾಗ, ಅಂದರೆ ಹಾರಿ ಸುತ್ತುವಾಗ, ಕೈಕಾಲುಗಳು ಕರಗಿ ಹೋಗದೆ ನಿಲ್ಲಬೇಕಾದರೆ ಶಟರ್ ತೆರೆದಿರುವ ಹೊತ್ತು 1/250 ಸೆಕೆಂಡನ್ನು ಮೀರಬಾರದು. ನನ್ನ ಡಿ90ಕ್ಕೆ 50 ಮಿಲಿಮೀಟರಿನ ಎಫ್/1.8ಡಿ ಲೆನ್ಸ್ ಹಾಕಿ ಬೆಳಕು ಒಳಬರುವ ತೂತಾದ ಅಪರ್ಚರನ್ನು ಎಫ್/2ರಲ್ಲಿ ಇಟ್ಟರೆ (ಈ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ನಮ್ಮ ಕಡೆಯ ಸಾಧಾರಣ ರಂಗಸ್ಥಳದ ಬೆಳಕಿಗೆ ಬೆಳಕಿಗೆ ಸ್ಪಂದಿಸುವ ಪ್ರಮಾಣವಾದ ಐಎಸ್‌ಒ 1600ರಲ್ಲಿ ಕೆಲಸ ನಡೆಯುತ್ತದೆ. ಚಿತ್ರದಲ್ಲಿ ಕಾಳಿನಂಥ ಚುಕ್ಕೆಗಳು ಕಾಣಿಸುತ್ತವೆ, ಆದರೆ ಮುಖದ ಬಣ್ಣಗಾರಿಕೆ ಉಳಿಯುತ್ತದೆ.

ಅದೇ ಜಾಗದಿಂದ ಸೋನಿಯಲ್ಲಿ ವೇಷಧಾರಿಯನ್ನು ಹತ್ತಿರಕ್ಕೆ ಎಳೆದರೆ ಏನಾಗುತ್ತದೆ ನೋಡಿ. ಅದರ ಲೆನ್ಸ್ ಎಫ್/1.8 ಎಂದು ಹಣೆಯ ಮೇಲೆ ಬರೆದುಕೊಂಡಿದೆ. ಆ ಉದಾರತೆ ಅಗಲ ನೋಟಕ್ಕೆ ಮಾತ್ರ. ಝೂಮಿನ ತುದಿಗೆ ಹೋದಾಗ ಅದು ಕಿರಿದಾಗಿ ಎಫ್/4.9 ಆಗುತ್ತದೆ. ಎಫ್/2ಕ್ಕೆ ಹೋಲಿಸಿದರೆ ಆರರಲ್ಲಿ ಒಂದು ಪಾಲು ಬೆಳಕು. ಅದೇ 1/250 ಬೇಕಿದ್ದರೆ ಐಎಸ್‌ಒ 9600ರ ಹತ್ತಿರ ಏರಿಸಬೇಕು. ಆ ಕ್ಯಾಮೆರಾದ ಮಾಮೂಲಿ ಮಿತಿಯೇ 6400. ಶಟರನ್ನು ನಿಧಾನ ಮಾಡಿದರೆ ಧಿಗಿಣ ಹೋಯಿತು. ಅಲುಗಾಟ ತಡೆಯುವ ವ್ಯವಸ್ಥೆ ಸೋನಿಯಲ್ಲಿದೆ, ಆದರೆ ಅದು ನಿಲ್ಲಿಸುವುದು ನನ್ನ ಕೈಯ ನಡುಕವನ್ನು. ಕುಣಿಯುವವರ ಕಾಲನ್ನು ನಿಲ್ಲಿಸಲು ಅದಕ್ಕೆ ಆಗುವುದಿಲ್ಲ.

ಫೋಕಸ್ ವಿಚಾರ ಇನ್ನೂ ಮುಖ್ಯ. ರಾಕ್ಷಸ ಪಾತ್ರವಾದ ಬಣ್ಣದ ವೇಷದ ಪ್ರವೇಶದಲ್ಲಿ ತೆರೆಯ ಹಿಂದಿನಿಂದ ದೊಂದಿಯ ಬೆಳಕು, ರಾಳದ ಪುಡಿ ಹಾರಿದಾಗ ಭುಗ್ಗೆಂದು ಏಳುವ ಬೆಂಕಿ, ಮರುಕ್ಷಣವೇ ಕತ್ತಲೆ. ಅಂಥ ಹೊತ್ತಿನಲ್ಲಿ ಸೋನಿಯ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಡಿ90ರ ಹನ್ನೊಂದು ಫೋಕಸ್ ಬಿಂದುಗಳಲ್ಲಿ ನಡುವಿನದೊಂದೇ ಅಡ್ಡ ಉದ್ದ ಎರಡೂ ಗೆರೆಗಳನ್ನು ಗುರುತಿಸುವಂಥದ್ದು. ಆ ಒಂದನ್ನೇ ಆರಿಸಿ, ಕಿರೀಟದ ಅಂಚಿಗೆ ಇಟ್ಟು ಒತ್ತಿದರೆ ಹಿಡಿಯುತ್ತದೆ. ಹದಿನೈದು ವರ್ಷ ದಾಟಿದ ಯಂತ್ರ ಈ ಕೆಲಸವನ್ನು ಇಷ್ಟು ನಂಬಿಕೆಯಿಂದ ಮಾಡುವುದನ್ನು ಕಂಡಾಗಲೆಲ್ಲ ನನಗೆ ಅದರ ಮೇಲೆ ಗೌರವ ಹೆಚ್ಚುತ್ತದೆ.

ಇಲ್ಲಿಗೆ ಬಂತು ಕಿಂಡಿಯ ಮಾತು. ಮೊದಲ ಆರ್‌ಎಕ್ಸ್100ರಲ್ಲಿ ಕಣ್ಣಿಟ್ಟು ನೋಡುವ ವ್ಯವಸ್ಥೆಯೇ ಇಲ್ಲ. ಮೂರು ಇಂಚಿನ ಪರದೆಯನ್ನು ನೋಡಿಯೇ ಎಲ್ಲ ಮಾಡಬೇಕು. ಮಧ್ಯರಾತ್ರಿಯಲ್ಲಿ ಸಭೆಯ ನಡುವೆ ಕೂತು ಉರಿಯುವ ಪರದೆಯನ್ನು ಎದೆಯೆತ್ತರಕ್ಕೆ ಹಿಡಿದರೆ ಹಿಂದೆ ಕೂತವರ ಕಣ್ಣಿಗೆ ಅದು ಚುಚ್ಚುತ್ತದೆ. ಆಟ ನೋಡಲು ದೂರದ ಊರಿನಿಂದ ಬಂದ ಹಿರಿಯರೊಬ್ಬರಿಗೆ ನನ್ನ ಚಿತ್ರಕ್ಕಾಗಿ ಅಷ್ಟು ತೊಂದರೆ ಕೊಡಲು ನನಗೆ ಮನಸ್ಸಿಲ್ಲ. ಡಿ90ರಲ್ಲಿ ಹಿಂದಿನ ಪರದೆಯನ್ನು ಪೂರ್ತಿ ಆರಿಸಿಡಬಹುದು. ಕಿಂಡಿಗೆ ಕಣ್ಣಿಟ್ಟರೆ ಕನ್ನಡಿ ಮತ್ತು ಪಟ್ಟಕದ ಮೂಲಕ ಬರುವ ನಿಜವಾದ ಬೆಳಕೇ ಕಣ್ಣಿಗೆ ತಲುಪುತ್ತದೆ. ಭಾಗವತರ ಪದ ಕೇಳಿಸುತ್ತಿರುತ್ತದೆ, ವೇಷ ಕಣ್ಣೆದುರೇ ಇರುತ್ತದೆ, ಆಟ ನೋಡುವುದು ನಿಲ್ಲುವುದಿಲ್ಲ. ಪರದೆ ನೋಡುತ್ತ ತೆಗೆದ ರಾತ್ರಿಗಳಲ್ಲಿ ನನಗೆ ಪ್ರಸಂಗದ ಅರ್ಧ ನೆನಪಿರುವುದಿಲ್ಲ.

ಇನ್ನೊಂದು ಕಾರಣ ನನ್ನ ವಯಸ್ಸಿನವರಿಗೆ. ಚಾಳೀಸು ಬಂದವರಿಗೆ ಹತ್ತಿರದ ಪರದೆ ನೋಡಲು ಕನ್ನಡಕ ಬೇಕು, ರಂಗಸ್ಥಳ ನೋಡಲು ತೆಗೆಯಬೇಕು. ಡಿ90ರ ಕಿಂಡಿಯ ಪಕ್ಕದಲ್ಲಿ ಪುಟ್ಟ ತಿರುಗುಣಿಯಿದೆ. ಅದನ್ನು ಒಮ್ಮೆ ಕಣ್ಣಿಗೆ ಹೊಂದಿಸಿಟ್ಟರೆ ಕನ್ನಡಕದ ಹಂಗಿಲ್ಲದೆ ರಾತ್ರಿ ಕಳೆಯಬಹುದು. ಇದನ್ನು ಯಾವ ಅಂಗಡಿಯವರೂ ನನಗೆ ಹೇಳಲಿಲ್ಲ. ಐವತ್ತು ದಾಟಿದವರು ಕ್ಯಾಮೆರಾ ಕೊಳ್ಳುವಾಗ ಮೊತ್ತಮೊದಲು ನೋಡಬೇಕಾದದ್ದು ಇದನ್ನೇ. ಬೇಕಲ ಕೋಟೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗಳ ಮೇಲೆ ನಡುಮಧ್ಯಾಹ್ನದ ಬಿಸಿಲು ಬಿದ್ದಾಗಲೂ ಇದೇ ಕಥೆ: ಸೋನಿಯ ಪರದೆಯಲ್ಲಿ ಕಾಣುವುದು ನಮ್ಮದೇ ಮುಖ.

ಬ್ಯಾಟರಿಯಲ್ಲೂ ನಿಕಾನ್ ಮುಂದು. ಅಳತೆಯ ಪ್ರಕಾರ ಒಂದು ಚಾರ್ಜಿಗೆ ಅದು 850 ಚಿತ್ರ, ಸೋನಿ 330. ಆದರೆ ಸೋನಿಯನ್ನು ಮೊಬೈಲಿನಂತೆ ಪವರ್ ಬ್ಯಾಂಕಿನಿಂದಲೂ ಚಾರ್ಜ್ ಮಾಡಬಹುದು.

ಇಷ್ಟು ಹೇಳಿದ ಮೇಲೆ ಸೋನಿಯನ್ನು ಕೀಳು ಮಾಡಿದೆನೆಂದು ಯಾರೂ ತಿಳಿಯಬಾರದು. ಅದರ ಜಾಗ ಚೌಕಿ. ಕಲಾವಿದರು ಕಾಲು ಚಾಚಿ, ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುವ ಆ ಇಕ್ಕಟ್ಟಿನಲ್ಲಿ ದೊಡ್ಡ ಕ್ಯಾಮೆರಾ ಎತ್ತಿದರೆ ಮುಖದ ಸ್ನಾಯುಗಳೇ ಬಿಗಿಯುತ್ತವೆ. ಸೋನಿಯನ್ನು ಅಂಗೈಯಲ್ಲಿ ಹಿಡಿದು ಕೂತರೆ ಸ್ವಲ್ಪ ಹೊತ್ತಿಗೆ ನನ್ನನ್ನು ಮರೆಯುತ್ತಾರೆ. ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಸೇರಿಸಿ ಒಂದೊಂದಾಗಿ ಇಡುವ, ಚುಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಅಗಲ ನೋಟದಲ್ಲಿ ಐದು ಸೆಂಟಿಮೀಟರ್ ಹತ್ತಿರದವರೆಗೂ ಹೋಗಿ ಅದು ಹಿಡಿಯಬಲ್ಲದು, ಅದೂ ಎಫ್/1.8ರ ಪೂರ್ತಿ ಬೆಳಕಿನಲ್ಲಿ. ನನ್ನ 50 ಮಿಲಿಮೀಟರ್ ಲೆನ್ಸ್ 45 ಸೆಂಟಿಮೀಟರಿಗಿಂತ ಹತ್ತಿರ ಬರಲು ಒಪ್ಪುವುದಿಲ್ಲ.

ವೇಷ, ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಂತೂ ಸೋನಿಯೇ ಸರಿ. ಚೆಂಡೆಯ ಅಬ್ಬರದಲ್ಲಿ ಡಿ90ರ ಕನ್ನಡಿ ಬಡಿಯುವ ಸದ್ದು ಯಾರಿಗೂ ಕೇಳಿಸದು. ಕೂಟದಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ದನಿ ತಗ್ಗಿಸಿ, ಮಾತಿನ ನಡುವೆ ತಡೆದು, ಸಭೆಯೆಲ್ಲ ಮುಂದಿನ ಪದಕ್ಕೆ ಕಾಯುತ್ತಿರುವಾಗ 'ಠಕ್' ಎನ್ನುವುದು ಅಪಚಾರವೇ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಮಾತಿನಿಂದ ಕಟ್ಟಿದ ಕಲೆಯದು. ಮೌನಕ್ಕೂ ಅಲ್ಲಿ ಬೆಲೆಯಿದೆ. ಸೋನಿಯ ಶಟರ್ ಪಕ್ಕದವರಿಗೂ ಕೇಳುವುದಿಲ್ಲ. ಕೂಟದ ದೀಪಗಳು ಸ್ಥಿರ, ಕೂತವರೂ ಸ್ಥಿರ. ಶಟರ್ ನಿಧಾನವಾದರೂ ನಡೆಯುತ್ತದೆ. ವಿಡಿಯೋ ಬೇಕೆನ್ನುವವರಿಗೂ ಇದೇ. ವಿಡಿಯೋ ಸೌಲಭ್ಯದೊಂದಿಗೆ ಬಂದ ಮೊದಲ ಎಸ್‌ಎಲ್‌ಆರ್ ಎಂಬ ಹೆಗ್ಗಳಿಕೆ ಡಿ90ಕ್ಕೆ ಇದೆ, ಆದರೆ ಅದರ 720ಪಿ ವಿಡಿಯೋ ಐದು ನಿಮಿಷಕ್ಕೆ ನಿಲ್ಲುತ್ತದೆ, ತೆಗೆಯುವಾಗ ಫೋಕಸನ್ನು ಕೈಯಿಂದಲೇ ಮಾಡಬೇಕು.

ಸುರಂಗಗಳಿಗೂ ನಾನು ಸೋನಿಯನ್ನೇ ಒಯ್ಯುತ್ತೇನೆ. ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ, ನೀರು ತಾನಾಗಿ ಹರಿದು ಹೊರಬರುವ ಈ ಸುರಂಗಗಳೇ ನಮ್ಮ ಎಷ್ಟೋ ಅಡಿಕೆ ತೋಟಗಳ ಜೀವ. ಒಳಗೆ ಬಗ್ಗಿ ನಡೆಯಬೇಕು, ಮೇಲಿಂದ ಹನಿ, ಕಾಲಡಿ ಕೆಸರು. ಎರಡೂ ಕ್ಯಾಮೆರಾಗಳಿಗೆ ನೀರಿನ ರಕ್ಷಣೆಯಿಲ್ಲ. ಚಿಕ್ಕದನ್ನಾದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿನಲ್ಲಿಡಬಹುದು, ಬೇಕಾದಾಗ ಒಂದೇ ಕೈಯಲ್ಲಿ ತೆಗೆಯಬಹುದು. ಮಳೆಗಾಲದ ಪಾರೆಗಳಲ್ಲಿ ನೀರು ನಿಂತ ತಗ್ಗಿನ ಸುತ್ತ ಅರಳುವ ನೀಲಿ ಹೂವುಗಳನ್ನೂ ಅದು ಚೆನ್ನಾಗಿ ಹಿಡಿಯುತ್ತದೆ: ಹೂವು ಮುಂದೆ ದೊಡ್ಡದಾಗಿ, ಹಿಂದೆ ಇಡೀ ಪಾರೆ ಮತ್ತು ಮೋಡ.

ಹೀಗಿರುವಾಗ ಒಂದನ್ನೇ ಕೊಳ್ಳುವವರಿಗೆ ಡಿ90 ಎಂದು ಏಕೆ ಹೇಳುತ್ತೇನೆ? ಚೌಕಿ, ಸುರಂಗ, ಹೂವು, ಇವುಗಳಿಗೆ ಇಂದಿನ ಒಳ್ಳೆಯ ಮೊಬೈಲ್ ಸುಮಾರಾಗಿ ಒದಗುತ್ತದೆ. ಮೂರನೆಯ ಸಾಲಿನಲ್ಲಿ ಕೂತು ರಾಳದ ಬೆಂಕಿಯಲ್ಲಿ ವೇಷದ ಕಣ್ಣನ್ನು ಹಿಡಿಯುವ ಕೆಲಸಕ್ಕೆ ಅದು ಒದಗುವುದಿಲ್ಲ. ಅಣ್ಣನ ಮಗಳ ಕೈಯಲ್ಲಿ ಒಳ್ಳೆಯ ಮೊಬೈಲ್ ಇದೆ, ಮನಸ್ಸು ಪೂರ್ತಿ ಆಟದ ಮೇಲಿದೆ.

ಹಳೆಯ ಸರಕು ಕೊಳ್ಳುವಾಗ ನಮ್ಮ ಕರಾವಳಿಯಲ್ಲಿ ಬೂಷ್ಟಿನ ಭಯ ಎಲ್ಲಕ್ಕಿಂತ ದೊಡ್ಡದು. ಒಬ್ಬ ಮಾರಾಟಗಾರರು 'ಹೊಸದರಂತಿದೆ' ಎಂದು ಕೈಗಿತ್ತ ಲೆನ್ಸಿನೊಳಗೆ ಮೊಬೈಲಿನ ಟಾರ್ಚ್ ಬಿಟ್ಟು ನೋಡಿದಾಗ ಗಾಜಿನ ಅಂಚಿನಿಂದ ಜೇಡನ ಬಲೆಯಂತೆ ಎಳೆಗಳು ಹರಡಿದ್ದವು. ಹಿಂದಿರುಗಿಸಿ ಬಂದೆ. ಅಂಥ ಲೆನ್ಸನ್ನು ಪುಕ್ಕಟೆ ಕೊಟ್ಟರೂ ಬೇಡ. ಬೀಜಕಣಗಳು ಇರುವ ಕಡೆ ತೇವ ಸಿಕ್ಕಿದರೆ ಅದು ಮತ್ತೆ ಬೆಳೆಯುತ್ತದೆ. ಕೊಂಡ ಮೇಲೆ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಡಬಾರದು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮಾಪಕ ಇದ್ದರೆ ಸಾಕು. ಶೇಕಡಾ 40ರಿಂದ 50ರ ನಡುವೆ ಇರಲಿ. ಇದಕ್ಕಿಂತ ಒಳ್ಳೆಯದು, ತಿಂಗಳುಗಟ್ಟಲೆ ಇಟ್ಟುಬಿಡದೆ ಆಗಾಗ ಹೊರತೆಗೆದು ಬಳಸುವುದು.

ಡಿ90ರ ಶಟರನ್ನು ಕಂಪನಿ ಒಂದು ಲಕ್ಷ ಸಲ ಒತ್ತಿ ಪರೀಕ್ಷಿಸಿತ್ತು. ಎಷ್ಟು ಒತ್ತಿಸಿಕೊಂಡಿದೆ ಎಂಬ ಲೆಕ್ಕ ಅದು ತೆಗೆದ ಚಿತ್ರದ ಕಡತದೊಳಗೇ ಇರುತ್ತದೆ. ಮಾರುವವರಿಂದ ಆಗಲೇ ತೆಗೆದ ಒಂದು ಚಿತ್ರವನ್ನು ಕೇಳಿ ಪಡೆಯಬೇಕು. ಹೆಬ್ಬೆರಳು ಕೂರುವ ಜಾಗದ ರಬ್ಬರ್ ಉಬ್ಬಿ ಎದ್ದಿರುವುದು ಈ ಮಾದರಿಯಲ್ಲಿ ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಸೋನಿಯಾದರೆ ಹಲವು ಸಲ ಆನ್ ಆಫ್ ಮಾಡಿ ಲೆನ್ಸ್ ತಡವರಿಸದೆ ಹೊರಬಂದು ಒಳಹೋಗುತ್ತದೆಯೇ ಎಂದು ನೋಡಬೇಕು, ಎಫ್/11ರಲ್ಲಿ ಬಿಳಿ ಆಕಾಶದ ಚಿತ್ರ ತೆಗೆದು ಕಪ್ಪು ಚುಕ್ಕೆ ಹುಡುಕಬೇಕು. ಅದರೊಳಗೆ ಧೂಳು ಹೊಕ್ಕರೆ ನಾವು ತೆಗೆಯುವಂತಿಲ್ಲ.

ಅವಳಿಗೆ ಹೇಳಿದ್ದು ಇಷ್ಟು. ಡಿ90 ಕೊಳ್ಳಲಿ, ಜೊತೆಗೆ ಬರುವ 18-105ರ ಭಾರದ ಲೆನ್ಸನ್ನು ಹಗಲಿಗೆ ಇಟ್ಟುಕೊಂಡು ರಾತ್ರಿಗೆ 155 ಗ್ರಾಂ ತೂಗುವ ಈ 50ನ್ನು ಹುಡುಕಲಿ. ಇದರೊಳಗೆ ಫೋಕಸಿನ ಮೋಟಾರಿಲ್ಲ, ಡಿ90ರ ಒಡಲಲ್ಲಿರುವ ಮೋಟಾರೇ ಅದನ್ನು ತಿರುಗಿಸುತ್ತದೆ. ಡಿ3000, ಡಿ5000ದಂಥ ಅಗ್ಗದ ಮಾದರಿಗಳಲ್ಲಿ ಆ ಮೋಟಾರ್ ಇಲ್ಲದ್ದರಿಂದ ಅವು ಬೇಡ. ಕಾರ್ಡ್ 32 ಜಿಬಿಯನ್ನು ಮೀರಬಾರದು. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವ 64 ಜಿಬಿಯ ಕಾರ್ಡುಗಳಿಗಾಗಿ ಈ ಕ್ಯಾಮೆರಾ ಮಾಡಿದ್ದಲ್ಲ. ಎಲ್‌ಇಡಿ ದೀಪಗಳ ರಂಗಸ್ಥಳದಲ್ಲಿ ಚಿತ್ರದ ಮೇಲೆ ಪಟ್ಟೆಗಳು ಬಂದರೆ ಶಟರನ್ನು 1/100ಕ್ಕೆ ಇಳಿಸಿ, ಧಿಗಿಣ ಬಿಟ್ಟು ವೇಷ ನಿಂತ ಭಂಗಿಗಳನ್ನು ಹಿಡಿಯಲಿ. ಕೆಂಪು ಉಡುಗೆಯ ವಿವರ ಉರಿದು ಹೋಗದಂತೆ ಕ್ಯಾಮೆರಾ ತಿದ್ದದೆ ಉಳಿಸುವ ರಾ ಕಡತದಲ್ಲೇ ತೆಗೆಯಲಿ. ತಾಳಮದ್ದಳೆಗೆ ಬರುವ ದಿನ ನನ್ನ ಸೋನಿಯನ್ನು ಒಯ್ಯಬಹುದು. ಮೇಳಗಳು ತಿರುಗಾಟಕ್ಕೆ ಹೊರಡುವ ಮೊದಲು ಡಿ90ರ ಗುಂಡಿಗಳನ್ನು ಕತ್ತಲೆಯಲ್ಲಿ ಬೆರಳಿನಿಂದಲೇ ಗುರುತಿಸುವಷ್ಟು ರೂಢಿಸಿಕೊಳ್ಳಲಿ.