ನೇತ್ರಾಣಿಗಾಗಿ ಕೊಂಡ ಸಾಮಾನು, ದಾವಣಗೆರೆಯ ಅಟ್ಟದಲ್ಲಿ ಐದು ವರ್ಷ

ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ನಾನು ಸ್ಕೂಬಾ ಡೈವಿಂಗ್ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು) ಮಾಡುವುದು ವರ್ಷಕ್ಕೆ ಹೆಚ್ಚೆಂದರೆ ಆರು ದಿನ. ಮಳೆಗಾಲದಲ್ಲಂತೂ ಅಲ್ಲಿ ದೋಣಿಗಳೇ ಹೊರಡುವುದಿಲ್ಲ. ಉಳಿದ ದಿನಗಳನ್ನೆಲ್ಲ ನನ್ನ ಮಾಸ್ಕ್, ಈಜಲು ಕಾಲಿಗೆ ಹಾಕುವ ಫಿನ್, ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಒದಗಿಸುವ ರೆಗ್ಯುಲೇಟರ್ ಮತ್ತು ಆಳ, ಸಮಯಗಳ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ದಾವಣಗೆರೆಯ ನಮ್ಮ ಮನೆಯ ಅಟ್ಟದಲ್ಲಿ ಕಳೆದಿವೆ. ಐದು ವರ್ಷಗಳಲ್ಲಿ ಈ ಸಾಮಾನುಗಳಿಗೆ ಆದ ಹಾನಿಯಲ್ಲಿ ಸಮುದ್ರದ ಪಾಲಿಗಿಂತ ಅಟ್ಟದ ಪಾಲೇ ಹೆಚ್ಚು.

ಕೊಟ್ಟ ಹಣಕ್ಕೆ ನ್ಯಾಯ ಒದಗಿಸಿದ್ದು ಮಾಸ್ಕ್. ಕನ್ನಡಕ ಹಾಕುವ ನನಗೆ ಪವರ್ ಇರುವ ಗಾಜು ಕೂರಿಸಿದ ಸ್ವಂತ ಮಾಸ್ಕ್ ಇಲ್ಲದಿದ್ದರೆ ಮೀನುಗಳೆಲ್ಲ ಬಣ್ಣದ ಕಲೆಗಳಷ್ಟೇ. ಕಪ್ಪು ರಬ್ಬರಿನ ಫಿನ್‌ಗೆ ತಾಗಿಸಿ ಇಟ್ಟಿದ್ದರಿಂದ ಅದರ ಪಾರದರ್ಶಕ ಸಿಲಿಕೋನ್ ಅಂಚು ಹಳದಿಯಾಗಿದೆ, ಆದರೆ ನೀರು ಸೋರುವುದಿಲ್ಲ.

ರೆಗ್ಯುಲೇಟರ್ ವಿಷಯದಲ್ಲಿ ಮಾತ್ರ ನನಗೆ ಇಂದಿಗೂ ಎರಡು ಮನಸ್ಸು. ಅದರ ಮೊದಲ ಹಂತವು ಸಿಲಿಂಡರ್‌ನ 200 ಬಾರ್ ಒತ್ತಡವನ್ನು ಸುಮಾರು 10 ಬಾರ್‌ಗೆ ಇಳಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತವು ಆ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ, ಉಸಿರೆಳೆದಾಗ ಮಾತ್ರ ಬಿಡುತ್ತದೆ. ಮೂರನೆಯ ವರ್ಷ ದೋಣಿಯಲ್ಲಿ ಸಿಲಿಂಡರ್ ತೆರೆದ ಕೂಡಲೇ ಗಾಳಿ ಸುಂಯ್ ಎಂದು ತಾನಾಗಿ ಸೋರತೊಡಗಿತು. ಅಂದು ಬಾಡಿಗೆಯ ರೆಗ್ಯುಲೇಟರ್ ಕಚ್ಚಿ ಇಳಿದೆ. ಆಮೇಲೆ ಬಿಚ್ಚಿ ತೋರಿಸಿದಾಗ, ಗಾಳಿ ಒಳಹೋಗುವ ಬಾಯಿಯ ಪುಟ್ಟ ಲೋಹದ ಜಾಲರಿಯ ಮೇಲೆ, ಹುಣಿಸೆಹಣ್ಣು ಕಾಣದ ಹಿತ್ತಾಳೆ ತಂಬಿಗೆಗೆ ಹತ್ತುವಂಥ ಹಸಿರು ಕಿಲುಬು ಕಂಡಿತು. ಎರಡನೆಯ ಹಂತದ ವಾಲ್ವಿನ ಸುತ್ತ ಗಡಸು ನೀರಿನ ಬಿಳಿಯ ಪದರ ಕಟ್ಟಿತ್ತು. ಎರಡೂ ನನ್ನದೇ ತಪ್ಪು. ಆ ಬಾಯಿಯ ಮುಚ್ಚಳವನ್ನು ಒರೆಸದೆ ಒದ್ದೆಯಾಗಿಯೇ ಹಾಕುತ್ತಿದ್ದೆ, ಉಪ್ಪು ತೊಳೆಯಲು ಮನೆಯ ಬೋರ್ ನೀರನ್ನೇ ಬಳಸುತ್ತಿದ್ದೆ. ಈಗ ನಲ್ಲಿಯ ಸಿಹಿನೀರು ಬರುವ ದಿನ ನೋಡಿಕೊಂಡು ಬಕೆಟ್ಟಿನಲ್ಲಿ ನೆನೆಸುತ್ತೇನೆ, ಎರಡನೆಯ ಹಂತದ ಮೇಲಿರುವ, ಗಾಳಿ ಬಿಡುವ ಗುಂಡಿಯನ್ನು ಮಕ್ಕಳು ಒತ್ತದಂತೆ ಕಾವಲು ಕೂರುತ್ತೇನೆ. ಒತ್ತಿದರೆ ನೀರು ಕೊಳವೆಯೊಳಗೆ ನುಗ್ಗುತ್ತದೆ. ಸರ್ವಿಸಿಗೆ ಬೇರೆ ಊರಿಗೆ ಕಳುಹಿಸಲೇಬೇಕು. ಒಮ್ಮೆ ಅದು ಮರಳಿ ಬರಲು ಎರಡು ತಿಂಗಳಾಯಿತು. ವರ್ಷಕ್ಕೆ ಆರು ದಿನ ಇಳಿಯುವವರು ಬಾಡಿಗೆಗೆ ಪಡೆಯುವುದೇ ಲೇಸು.

ಕಂಪ್ಯೂಟರ್‌ನ ಬ್ಯಾಟರಿಯನ್ನು ಎರಡು ಬಾರಿ ಬದಲಿಸಿದ್ದೇನೆ, ಬೇರೆ ದೂರಿಲ್ಲ. ಡೈವ್ ಮುಗಿದ ಮೇಲೆ ವಿಮಾನ ಏರಬಾರದ ಅವಧಿಯನ್ನು ಅದು ಎಣಿಸುತ್ತದೆ. ಹಲವು ಡೈವ್‌ಗಳ ನಂತರ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಸಾಮಾನ್ಯ ಸಲಹೆ. ವಿಮಾನ ಹತ್ತದವನಿಗೆ ಇದೇಕೆ ಎಂದುಕೊಂಡಿದ್ದೆ. ಆದರೆ ನಾವು ಘಟ್ಟ ಹತ್ತುತ್ತೇವಲ್ಲ! ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದು, ಮೇಲೇರಿದಂತೆ ಗಾಳಿಯ ಒತ್ತಡ ಇಳಿದು, ರಕ್ತದಲ್ಲಿ ಕರಗಿ ಉಳಿದ ಸಾರಜನಕ ಗುಳ್ಳೆಯಾಗುವ ಅಪಾಯ ಹೆಚ್ಚುತ್ತದೆ. ಹಾಗಾಗಿ ಕೊನೆಯ ಡೈವ್ ಆದ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಹೊರಡುತ್ತೇನೆ.

ಈ ವರ್ಷ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ತಂಪಾಗಿರುವ ಉಗ್ರಾಣದಲ್ಲಿ ಅಕ್ಕಿ ಚೀಲದ ಪಕ್ಕ ಇಟ್ಟಿದ್ದೇನೆ. ನೀರಿಗಿಳಿಯುವಾಗ ತೊಡುವ ವೆಟ್‌ಸೂಟಿನ ವಾಸನೆಯ ಬಗ್ಗೆ ಮನೆಯವರ ಆಕ್ಷೇಪ ಇನ್ನೂ ಇತ್ಯರ್ಥವಾಗಿಲ್ಲ.