ಸ್ಪೇನಿನ ಪ್ವೆಬ್ಲೊ ಇಂಗ್ಲೆಸ್: ಊಟ ವಸತಿ ಅವರದು, ಮಾತು ನಿಮ್ಮದು

ಸೋರಿಯಾ ಪ್ರಾಂತ್ಯದ ವಾಲ್ದೆಲಾವಿಯಾ ಜನ ಬಿಟ್ಟುಹೋಗಿ ಪಾಳುಬಿದ್ದಿದ್ದ ಹಳ್ಳಿ. ಅದನ್ನು ರಿಪೇರಿ ಮಾಡಿ, 2001ರಲ್ಲಿ ಅಲ್ಲೇ ಪ್ವೆಬ್ಲೊ ಇಂಗ್ಲೆಸ್ (ಅಂದರೆ 'ಇಂಗ್ಲಿಷ್ ಹಳ್ಳಿ') ಎಂಬ ಇಂಗ್ಲಿಷ್ ಮಾತಿನ ಶಿಬಿರ ಶುರುವಾಯಿತು. ಆಮೇಲೆ ಸಲಮಾಂಕಾ ಪ್ರಾಂತ್ಯದ ಲಾ ಅಲ್ಬೆರ್ಕಾದಂಥ ಊರುಗಳಿಗೂ ಬಂತು. ಇಂಗ್ಲಿಷ್ ಕಲಿಯುವ ಸ್ಪೇನಿನವರು, ಅಥವಾ ಅವರ ಕಂಪನಿ, ಶುಲ್ಕ ಕಟ್ಟುತ್ತಾರೆ. ಇಂಗ್ಲಿಷ್ ಮಾತಾಡಲು ಹೊರಗಿನಿಂದ ಬರುವವರಿಗೆ ಸಂಬಳವಿಲ್ಲ. ರೂಮು, ಮೂರು ಹೊತ್ತಿನ ಊಟ, ಮ್ಯಾಡ್ರಿಡ್‌ನಿಂದ ಹೋಗಿಬರುವ ಬಸ್ಸು ಉಚಿತ. ಮ್ಯಾಡ್ರಿಡ್‌ವರೆಗಿನ ವಿಮಾನ, ಅಲ್ಲಿನ ಹೋಟೆಲ್, ವಿಮೆ ನಿಮ್ಮ ಜೇಬಿನಿಂದ.

ಇದನ್ನು ಸ್ವಯಂಸೇವೆ ಎಂದು ಕರೆಯುವುದು ವಾಡಿಕೆ. ನಮ್ಮ ಪ್ರಕಾರ ಇದು ಕೊಟ್ಟು ತಗೊಳ್ಳುವ ವ್ಯಾಪಾರ, ಹಾಗೆಂದುಕೊಂಡೇ ತೂಗಬೇಕು. ಬಡ ಮಕ್ಕಳಿಗೆ ಪಾಠ ಹೇಳಬೇಕೆನ್ನುವವರು ಬೇರೆ ಕಡೆ ನೋಡಿ. ಇಲ್ಲಿ ಎದುರು ಕೂರುವವರು ಹೆಚ್ಚಾಗಿ ಮ್ಯಾನೇಜರು, ಎಂಜಿನಿಯರು, ವಕೀಲರು. ವ್ಯಾಕರಣ ಓದಿ ಮುಗಿಸಿರುತ್ತಾರೆ, ಫೋನ್ ಬಂದರೆ ಮಾತ್ರ ಬಾಯಿ ಕಟ್ಟುತ್ತದೆ.

ದಿನಚರಿ ಸ್ಪೇನಿನ ಗಡಿಯಾರದಂತೆ: ತಿಂಡಿ ಒಂಬತ್ತಕ್ಕೆ, ಮಧ್ಯಾಹ್ನದ ಊಟ ಎರಡಕ್ಕೆ, ಆಮೇಲೆ ಒಂದಿಷ್ಟು ನಿದ್ದೆಯ ಬಿಡುವು, ರಾತ್ರಿ ಊಟ ಒಂಬತ್ತಕ್ಕೆ. ನಡುವಿನದೆಲ್ಲ ಮಾತು. ಮುಖ್ಯ ಘಟಕ 50 ನಿಮಿಷದ ಒಬ್ಬರಿಗೊಬ್ಬರ ಮಾತುಕತೆ. ಇದರ ಜೊತೆಗೆ ಇಬ್ಬರಿಗಿಬ್ಬರು, ಗುಂಪಿನ ಆಟ, ಕಿರುನಾಟಕ, ಭಾಷಣ. ಊಟದ ಮೇಜಿನಲ್ಲೂ ಸ್ಪ್ಯಾನಿಷ್ ನಿಷಿದ್ಧ, ಹಾಗಾಗಿ ಊಟದ ಹೊತ್ತೂ ಕೆಲಸದ ಹೊತ್ತೇ. ಎಲ್ಲಕ್ಕಿಂತ ಉಪಯುಕ್ತವಾದದ್ದು ಫೋನ್ ಅಭ್ಯಾಸ: ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಮಾತಾಡಬೇಕು. ತುಟಿ, ಕೈ ಕಾಣದೆ ಹೋದಾಗ ಕಲಿಯುವವರ ನಿಜವಾದ ಮಟ್ಟ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಕೈಕೊಡುವುದು ಎಲ್ಲಿ? ಮೊದಲ ದಿನ ಊರು, ಕೆಲಸ, ಮನೆ, ಮಕ್ಕಳು ಎಂದು ಸಲೀಸಾಗಿ ಸಾಗುತ್ತದೆ. ಮೂರನೆಯ ದಿನದ ಹೊತ್ತಿಗೆ ಅದೇ ಪ್ರಶ್ನೆ ಹತ್ತನೆಯ ಸಲ ಕೇಳಿ ಎರಡೂ ಕಡೆಯವರು ಆಕಳಿಸುತ್ತಾರೆ. ಮನೆಯಲ್ಲೇ 20 ಪ್ರಶ್ನೆಯ ಚೀಟಿ ಬರೆದುಕೊಂಡು ಹೋಗಿ. "ನಿಮ್ಮ ಇಷ್ಟದ ಆಹಾರ ಯಾವುದು" ಎಂಬ ಪ್ರಶ್ನೆ ಒಂದೇ ಪದದಲ್ಲಿ ಮುಗಿಯುತ್ತದೆ. "ಆಫೀಸಿನಲ್ಲಿ ಒಂದು ನಿಯಮ ತೆಗೆದುಹಾಕಬಹುದಾದರೆ ಯಾವುದು, ಯಾಕೆ" ಎಂದು ಕೇಳಿದರೆ ಹದಿನೈದು ನಿಮಿಷ ಓಡುತ್ತದೆ. ಮನೆಯ ಫೋಟೊ, ಊರಿನ ನಕ್ಷೆ, ಒಂದೆರಡು ನಾಣ್ಯವೂ ಕೆಲಸಕ್ಕೆ ಬರುತ್ತವೆ. ಕೂತು ಬೇಸತ್ತರೆ ಎದ್ದು ನಡೆಯುತ್ತಾ ಮಾತಾಡಿ.

ತಪ್ಪು ತಿದ್ದುವುದರಲ್ಲೇ ಹೊಸಬರು ಎಡವುವುದು. ಪ್ರತಿ ವಾಕ್ಯಕ್ಕೂ ತಡೆದರೆ ಎದುರಿನವರು ಬಾಯಿ ಮುಚ್ಚುತ್ತಾರೆ. ಏನೂ ಹೇಳದೆ ಬಿಟ್ಟರೆ ಅವರು ಕಟ್ಟಿದ ದುಡ್ಡು ದಂಡ. ಮತ್ತೆ ಮತ್ತೆ ಬರುವ ಮೂರು ತಪ್ಪು ಬರೆದಿಟ್ಟುಕೊಂಡು ಕೊನೆಯ ಐದು ನಿಮಿಷದಲ್ಲಿ ಹೇಳಿದರೆ ಸಾಕು. ಸ್ಪೇನಿನವರು 'ಸ್ಕೂಲ್' ಎನ್ನುವಲ್ಲಿ 'ಎಸ್ಕೂಲ್' ಎನ್ನುತ್ತಾರೆ, 'ಶಿಪ್' ಮತ್ತು 'ಶೀಪ್' ಒಂದೇ ಆಗುತ್ತವೆ. ನಮ್ಮ ಕಡೆಯ ತೊಡಕೂ ಇದೆ: ಓಟದ ಮಾತು, ಲಕ್ಷ ಕೋಟಿಯ ಲೆಕ್ಕ, 'ಪ್ರಿಪೋನ್', 'ಔಟ್ ಆಫ್ ಸ್ಟೇಷನ್'ನಂಥ ನಮ್ಮ ಕಡೆಯ ಇಂಗ್ಲಿಷ್. ಕೃತಕವಾಗಿ ಎಳೆಯದೆ ಸಹಜವಾಗಿಯೇ ಮಾತಾಡಿ, ಆದರೆ ವಾಕ್ಯದ ಕೊನೆಗೆ ಉಸಿರು ಬಿಡಿ. ಬೆಂಗಳೂರಿನ ತಂಡದ ಜೊತೆ ಕಾನ್ಫರೆನ್ಸ್ ಕಾಲ್ ಇರುವವರಿಗಂತೂ ನಮ್ಮ ಉಚ್ಚಾರಣೆ ಕೇಳಿ ರೂಢಿಯಾಗುವುದೇ ಲಾಭ.

ಹದಿಹರೆಯದವರ ಬೇಸಿಗೆ ಶಿಬಿರ ಬೇರೆಯದೇ ಲೋಕ. ಗೆಳೆಯರು ಪಕ್ಕದಲ್ಲಿದ್ದರೆ ಐದೇ ನಿಮಿಷಕ್ಕೆ ಸ್ಪ್ಯಾನಿಷ್‌ಗೆ ಜಾರುತ್ತಾರೆ, ಆದ್ದರಿಂದ ಜೋಡಿಗಳನ್ನು ದಿನವೂ ಬದಲಿಸಬೇಕು. ಆಟ ವಿವರಿಸಲು ಎರಡು ನಿಮಿಷಕ್ಕಿಂತ ಹೆಚ್ಚು ಬೇಕಾದರೆ ಆ ಆಟ ಬಿಡಿ. ಅಪ್ರಾಪ್ತರ ಜೊತೆ ಕೆಲಸ ಮಾಡುವವರು, ಸ್ವಯಂಸೇವಕರೂ ಸೇರಿ, ಲೈಂಗಿಕ ಅಪರಾಧದ ದಾಖಲೆ ಇಲ್ಲವೆಂದು ಪ್ರಮಾಣಪತ್ರ ಕೊಡುವುದು ಸ್ಪೇನಿನಲ್ಲಿ 2015ರಿಂದ ಕಾನೂನು. ಭಾರತದಿಂದ ಹೋಗುವವರು ಪಾಸ್‌ಪೋರ್ಟ್ ಸೇವಾ ಮೂಲಕ ಪೊಲೀಸ್ ಕ್ಲಿಯರೆನ್ಸ್ ಪಡೆಯಬೇಕಾಗುತ್ತದೆ. ಅಪೊಸ್ಟಿಲ್ (ದಾಖಲೆ ಬೇರೆ ದೇಶದಲ್ಲೂ ನಡೆಯುವಂತೆ ಹಾಕುವ ಸರ್ಕಾರಿ ಮುದ್ರೆ) ಬೇಕೇ ಎಂದು ಮೊದಲೇ ಕೇಳಿ, ಇದಕ್ಕೆ ವಾರಗಳೇ ಹಿಡಿಯಬಹುದು.

ಸಂಸ್ಥೆಯವರು ಹುಡುಕುವುದು ಇಂಗ್ಲಿಷನ್ನು ಮನೆಮಾತಿನಷ್ಟು ಸಲೀಸಾಗಿ ಆಡುವವರನ್ನು. ಪಾಠ ಮಾಡಿದ ಅನುಭವ ಬೇಕಿಲ್ಲ. ಲಂಡನ್, ನ್ಯೂಜೆರ್ಸಿ, ಮೆಲ್ಬರ್ನ್‌ನಲ್ಲಿ ಬೆಳೆದ ಕನ್ನಡಿಗರಿಗೆ ದಾರಿ ಸುಲಭ, ಆ ದೇಶದ ಪಾಸ್‌ಪೋರ್ಟೇ ಇದ್ದರೆ ವೀಸಾದ ತಲೆನೋವೂ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಆಯ್ಕೆಯಾಗಿದ್ದೀರಿ ಎಂಬ ಇಮೇಲ್ ಬರುವ ತನಕ ಟಿಕೆಟ್ ಕೊಳ್ಳಬೇಡಿ. ಆಮೇಲೆ ಷೆಂಗೆನ್ ವೀಸಾ: ಶುಲ್ಕ 90 ಯೂರೊ, ವಿಮೆಯ ರಕ್ಷಣೆ ಕನಿಷ್ಠ 30,000 ಯೂರೊವರೆಗೆ ಇರಬೇಕು, ಅರ್ಜಿ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು. ಭಾರತದಲ್ಲಿ ಸ್ಪೇನಿನ ಅರ್ಜಿ ತಗೊಳ್ಳುವುದು ಬಿಎಲ್‌ಎಸ್ ಎಂಬ ಖಾಸಗಿ ಕಂಪನಿ. ಊಟ ವಸತಿಗೆ ಬದಲು ಮಾತಾಡಲು ಹೋಗುವುದನ್ನು ಪ್ರವಾಸ ಎಂದು ಬರೆಯಬಹುದೇ ಎಂಬುದನ್ನು ಸಂಸ್ಥೆಯಿಂದ ಬರಹದಲ್ಲೇ ತರಿಸಿಕೊಳ್ಳಿ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಲಾ ಅಲ್ಬೆರ್ಕಾ ಹಂದಿಯ ಊರು. ಸಂತ ಆಂತೋನನ ಹೆಸರಿನಲ್ಲಿ ಒಂದು ಹಂದಿಯನ್ನು ಬೀದಿಯಲ್ಲೇ ಬಿಟ್ಟು ಊರೆಲ್ಲ ಸೇರಿ ಸಾಕಿ, ಜನವರಿ 17ರಂದು ಲಾಟರಿ ಎತ್ತುತ್ತಾರೆ. ಅಡುಗೆಮನೆಯೂ ಹಾಗೆಯೇ. ಬೇಳೆಯ ಸಾರಿನಲ್ಲಿ ಚೊರೀಸೊ (ಹಂದಿಮಾಂಸದ ಸಾಸೇಜು), ಸಲಾಡಿನಲ್ಲಿ ಟ್ಯೂನಾ ಮೀನು, ಆಲೂಗಡ್ಡೆಯ ತೊರ್ತಿಯಾ ಎಂಬ ದಪ್ಪ ಆಮ್ಲೆಟ್‌ನಲ್ಲಿ ಮೊಟ್ಟೆ, ಸಾಲ್ಮೊರೇಹೊ ಎಂಬ ತಣ್ಣನೆಯ ಟೊಮೇಟೊ ಸೂಪಿನ ಮೇಲೆ ಹಾಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ) ಚೂರು. ಫಾರ್ಮಿನಲ್ಲಿ 'ಸಸ್ಯಾಹಾರಿ' ಎಂದಷ್ಟೇ ಬರೆದರೆ ಮೀನು ಬರಬಹುದು; ಮಾಂಸ, ಹಾಮೋನ್, ಮೀನು, ಮೊಟ್ಟೆ ಯಾವುದು ಬೇಡ ಎಂದು ಬಿಡಿಸಿ ಬರೆಯಿರಿ. ಗಸ್ಪಾಚೊ (ತಣ್ಣನೆಯ ತರಕಾರಿ ಸೂಪು), ಬ್ರೆಡ್ಡು, ಹಣ್ಣು ಸಿಗುತ್ತವೆ. ಉಪ್ಪಿನಕಾಯಿ, ಚಟ್ನಿಪುಡಿ ಜೊತೆಗಿರಲಿ. ಊರು ಸುಮಾರು 1,000 ಮೀಟರ್ ಎತ್ತರದಲ್ಲಿದೆ, ಜುಲೈನಲ್ಲೂ ರಾತ್ರಿಗೆ ಸ್ವೆಟರ್ ಬೇಕು.

ದಿನಕ್ಕೆ ಆರೇಳು ಗಂಟೆ ಗಂಟಲು ಸವೆಸಲು ಸಿದ್ಧರಿದ್ದು, ಅಪರಿಚಿತರ ಮಾತು ಕೇಳುವುದೇ ಖುಷಿ ಎನ್ನುವವರಿಗೆ ಇದು ಲಾಭದ ವ್ಯವಹಾರ. ಸ್ಪೇನ್ ಸುತ್ತಬೇಕು ಎನ್ನುವವರಿಗೆ ನಷ್ಟ, ಬಿಡುವಿನ ಹೊತ್ತು ಅಷ್ಟಿಲ್ಲ. ಶಿಕ್ಷಕ ವೃತ್ತಿಗೆ ಟೆಫಲ್ (ವಿದೇಶೀಯರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಪ್ರಮಾಣಪತ್ರದ ಬದಲು ಇದನ್ನು ತೋರಿಸಲೂ ಆಗದು.

ಮ್ಯಾಡ್ರಿಡ್‌ನಿಂದ ಹೊರಡುವ ಬಸ್ಸು ಯಾರಿಗೂ ಕಾಯುವುದಿಲ್ಲ. ಲಾ ಅಲ್ಬೆರ್ಕಾದ ಬಸ್ಸು ತಪ್ಪಿದರೆ ಸಲಮಾಂಕಾಕ್ಕೆ ರೈಲು, ಅಲ್ಲಿಂದ ಸುಮಾರು 75 ಕಿಲೋಮೀಟರ್‌ಗೆ ವಾರಾಂತ್ಯದಲ್ಲಿ ಇನ್ನೂ ವಿರಳವಾಗುವ ಹಳ್ಳಿಬಸ್ಸು. ಹಿಂದಿನ ರಾತ್ರಿಯೇ ಮ್ಯಾಡ್ರಿಡ್‌ನಲ್ಲಿರಿ. ವಿಮಾನ ನಿಲ್ದಾಣದಿಂದ ನಗರಕ್ಕೆ ಎಕ್ಸ್‌ಪ್ರೆಸ್ ಬಸ್ಸಿಗೆ 5 ಯೂರೊ. ವಾಪಸ್ ಬರುವ ದಿನದ ಸಂಜೆಗೇ ವಿಮಾನ ಹಿಡಿಯುವ ಲೆಕ್ಕ ಬೇಡ, ಮರುದಿನಕ್ಕೆ ಕಾಯ್ದಿರಿಸಿ.